ಔಷಧ ಕಂಪನಿ ಪ್ರಾಯೋಜಿತ ವೈದ್ಯರ ಉಪನ್ಯಾಸಗಳು: ಮಲೆನಾಡಿನ ಸಂಘಟಕರಿಗೊಂದು ನಿಯಮಪಾಲನಾ ಮಾರ್ಗದರ್ಶಿ

ಔಷಧ ಕಂಪನಿ ವೈದ್ಯರಿಗೆ ವಿಮಾನದ ಟಿಕೆಟ್ ಕೊಡುವಂತಿಲ್ಲ, ಹೋಟೆಲಿನಲ್ಲಿ ಕೋಣೆ ಮಾಡಿಕೊಡುವಂತಿಲ್ಲ, ಯಾವ ನೆಪದಲ್ಲೂ ನಗದು ಕೊಡುವಂತಿಲ್ಲ. ಆದರೆ ಅದೇ ವೈದ್ಯರು ಸಿಎಂಇ ಕಾರ್ಯಕ್ರಮಕ್ಕೆ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣದ ಸಭೆಗೆ, ಉಪನ್ಯಾಸಕರಾಗಿ ಬಂದರೆ ಪ್ರಯಾಣ ಮತ್ತು ವಸತಿಯ ನಿಷೇಧ ಅವರ ಮಟ್ಟಿಗೆ ಸಡಿಲವಾಗುತ್ತದೆ. ಕೇಂದ್ರ ಸರ್ಕಾರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊರಡಿಸಿದ ಔಷಧ ಮಾರುಕಟ್ಟೆ ಪದ್ಧತಿಗಳ ಏಕರೂಪ ಸಂಹಿತೆ, ಅಂದರೆ ಯುಸಿಪಿಎಂಪಿ, ಈ ವಿನಾಯಿತಿಯನ್ನು ಉಪನ್ಯಾಸಕರಿಗಷ್ಟೇ ಉಳಿಸಿದೆ.

ಬಾಗಿಲು ಒಂದೇ ಇದ್ದರೆ ನುಗ್ಗುವವರೆಲ್ಲ ಅದರಲ್ಲೇ ನುಗ್ಗುತ್ತಾರೆ. ಶಿವಮೊಗ್ಗದಲ್ಲಾಗಲಿ, ಸಾಗರ, ತೀರ್ಥಹಳ್ಳಿಗಳಲ್ಲಾಗಲಿ ಸಿಎಂಇ ನಡೆಸುವ ಏರಿಯಾ ಮ್ಯಾನೇಜರ್‌ಗಳು, ವೈದ್ಯರ ಸಂಘಗಳ ಕಾರ್ಯದರ್ಶಿಗಳು ಮತ್ತು ಮಾತಾಡಲು ಆಹ್ವಾನ ಬಂದ ವೈದ್ಯರು, ಈ ಮೂವರಿಗೂ ಉಪಯೋಗಕ್ಕೆ ಬರಲೆಂದು ಮುಂದಿನ ಹೆಜ್ಜೆಗಳನ್ನು ಬರೆದಿದ್ದೇನೆ. ಹೆಜ್ಜೆಗಳ ಅನುಕ್ರಮಕ್ಕೆ ವಿಶೇಷ ಮಹತ್ವವಿದೆ. ವಿಷಯದ ಅಗತ್ಯ ಮೊದಲು, ಉಪನ್ಯಾಸಕರ ಹೆಸರು ಆಮೇಲೆ, ಸ್ಥಳ ಅದಕ್ಕೂ ಆಮೇಲೆ ತೀರ್ಮಾನವಾಗಿದ್ದರೆ ಕಾರ್ಯಕ್ರಮ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹೆಸರು ಮೊದಲೇ ನಿಶ್ಚಯವಾಗಿ ವಿಷಯವನ್ನು ಆಮೇಲೆ ಹುಡುಕಿದ್ದರೆ ಎಷ್ಟೇ ಕಾಗದಪತ್ರ ಜೋಡಿಸಿದರೂ ಕಡತ ಓದಿದವರಿಗೆ ಅದು ಗೊತ್ತಾಗಿಬಿಡುತ್ತದೆ.

ಯಾವ ನಿಯಮ ಯಾರಿಗೆ

ಕಂಪನಿಗಳಿಗೆ ಅನ್ವಯವಾಗುವುದು 2024ರ ಸಂಹಿತೆ. 2015ರ ಜನವರಿ 1ರಿಂದ ನಡೆದುಬಂದ ಹಳೆಯ ಸಂಹಿತೆ ಸ್ವಯಂಪ್ರೇರಿತ ಪಾಲನೆಯದಾಗಿತ್ತು. ಹೊಸದರಲ್ಲಿ ಪ್ರತಿಯೊಂದು ಔಷಧ ಉದ್ಯಮ ಸಂಘವೂ ನೀತಿ ಸಮಿತಿ ರಚಿಸಬೇಕು, ಕಂಪನಿಯ ಮುಖ್ಯ ಕಾರ್ಯನಿರ್ವಾಹಕರು ಪಾಲನೆಗೆ ಹೊಣೆಯಾಗಬೇಕು ಮತ್ತು ಆರ್ಥಿಕ ವರ್ಷ ಮುಗಿದ 2 ತಿಂಗಳೊಳಗೆ ಸ್ವಯಂ ಘೋಷಣೆ ಸಲ್ಲಿಸಬೇಕು. ಸ್ಟೆಂಟ್, ಇಂಪ್ಲಾಂಟ್‌ಗಳಂಥ ವೈದ್ಯಕೀಯ ಸಾಧನಗಳ ಕಂಪನಿಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಇದೇ ಮಾದರಿಯ ಪ್ರತ್ಯೇಕ ಸಂಹಿತೆ ಬಂದಿದೆ.

ವೈದ್ಯರಿಗೆ ಅನ್ವಯವಾಗುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮಗಳು. 2009ರ ಡಿಸೆಂಬರ್‌ನಲ್ಲಿ ಅದಕ್ಕೆ 6.8ನೇ ಕಲಮು ಸೇರಿ ಉಡುಗೊರೆ, ಪ್ರವಾಸ, ಆತಿಥ್ಯ, ನಗದು ಎಲ್ಲವೂ ನಿಷಿದ್ಧವಾದವು. 2016ರ ಫೆಬ್ರವರಿಯ ತಿದ್ದುಪಡಿ ಶಿಕ್ಷೆಯ ಮೆಟ್ಟಿಲುಗಳನ್ನು ನಿಗದಿ ಮಾಡಿತು. ಪಡೆದದ್ದರ ಬೆಲೆ ₹1,000ದಿಂದ ₹5,000ದವರೆಗಿದ್ದರೆ ಛೀಮಾರಿ, ₹5,000ದಿಂದ ₹10,000ದವರೆಗೆ 3 ತಿಂಗಳು ನೋಂದಣಿಯಿಂದ ಹೆಸರು ತೆಗೆಯುವುದು, ಮೇಲೆ ಹೋದಂತೆ 6 ತಿಂಗಳು, 1 ವರ್ಷ, ಅದಕ್ಕೂ ಹೆಚ್ಚು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಗಳನ್ನು ಪ್ರಕಟಿಸಿತ್ತಾದರೂ ಅದೇ ತಿಂಗಳ 23ರಂದು ಅವನ್ನು ತಡೆಹಿಡಿದು 2002ರ ನಿಯಮಗಳಿಗೇ ಮರಳಿತು. ಆ ಗೊಂದಲದ ಕೆಲವು ವಾರಗಳ ಸುದ್ದಿಯನ್ನಷ್ಟೇ ಓದಿ ‘ಈಗ ಯಾವ ನಿಯಮವೂ ಇಲ್ಲ’ ಎಂದು ನಂಬಿರುವವರು ಈಗಲೂ ಸಿಗುತ್ತಾರೆ. ಅದು ತಪ್ಪು.

ವೈದ್ಯರ ಸಂಘಗಳ ಮಾತು ಸ್ವಲ್ಪ ಬೇರೆ. 2016ರ ತಿದ್ದುಪಡಿ 6.8ನೇ ಕಲಮಿನಿಂದ ‘ವೈದ್ಯರ ವೃತ್ತಿಪರ ಸಂಘಗಳು’ ಎಂಬ ಮಾತನ್ನು ತೆಗೆದುಹಾಕಿತು. ಹಾಗೆಂದು ಸಂಘದ ಮೂಲಕ ಹಣ ಸಾಗಿಸಿದರೆ ಎಲ್ಲವೂ ಸಲ್ಲುತ್ತದೆ ಎಂದಲ್ಲ, ಏಕೆಂದರೆ ಹಣ ಕೊಡುವ ಕಂಪನಿ ಯುಸಿಪಿಎಂಪಿಗೂ, ಪಡೆಯುವ ವೈದ್ಯ 2002ರ ನಿಯಮಕ್ಕೂ ಬದ್ಧರೇ. ನಡುವೆ ಸಂಘವನ್ನು ನಿಲ್ಲಿಸಿದ ಮಾತ್ರಕ್ಕೆ ಎರಡು ತುದಿಗಳ ಹೊಣೆ ಕರಗುವುದಿಲ್ಲ.

ಸರ್ಕಾರಿ ನೌಕರಿಯಲ್ಲಿರುವ ವೈದ್ಯರಿಗೆ ಇನ್ನೊಂದು ಪದರವಿದೆ. ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಸ್ವಾಯತ್ತ ಸಂಸ್ಥೆಯ ಅಧ್ಯಾಪಕರಾದರೆ ಆ ಸಂಸ್ಥೆಯ ಸೇವಾ ನಿಯಮಗಳನ್ನೂ ನೋಡಬೇಕು. ಇದರ ಮೇಲೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಿದೆ. 2018ರ ತಿದ್ದುಪಡಿಯ ನಂತರ ಅನುಚಿತ ಲಾಭ ಕೊಟ್ಟ ವಾಣಿಜ್ಯ ಸಂಸ್ಥೆಯನ್ನೇ ಆರೋಪಿಯಾಗಿಸಲು ಅದರಲ್ಲಿ ಅವಕಾಶವಿದೆ. ಕಂಪನಿ ಅಮೆರಿಕದ ಮೂಲದ್ದಾಗಿದ್ದರೆ ಅಲ್ಲಿನ 1977ರ ವಿದೇಶಿ ಲಂಚ ತಡೆ ಕಾನೂನಿನ ದೃಷ್ಟಿಯಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಯ ವೈದ್ಯರು ‘ವಿದೇಶಿ ಸರ್ಕಾರಿ ಅಧಿಕಾರಿ’ಗಳೇ ಆಗುತ್ತಾರೆ. ಹೊಸನಗರದ ಸಭೆಯೊಂದರ ಕಾಗದವನ್ನು ಕಂಪನಿಯ ಸಾಗರೋತ್ತರ ಕಚೇರಿ ಏಕೆ ಕೇಳುತ್ತದೆ ಎಂದು ಗೊಣಗುವ ರೆಪ್‌ಗಳಿಗೆ, ಅಂದರೆ ಕಂಪನಿಯ ಮಾರಾಟ ಪ್ರತಿನಿಧಿಗಳಿಗೆ, ಉತ್ತರ ಇಲ್ಲಿದೆ.

ಮೊದಲ ಹೆಜ್ಜೆ: ಅಗತ್ಯವನ್ನು ಬರೆದಿಡುವುದು

ಉಪನ್ಯಾಸ ಏಕೆ ಬೇಕು ಎಂಬುದನ್ನು ಒಂದು ಪುಟದಲ್ಲಿ, ದಿನಾಂಕ ಹಾಕಿ, ಉಪನ್ಯಾಸಕರ ಹೆಸರು ಇನ್ನೂ ಇಲ್ಲದ ಹಂತದಲ್ಲಿಯೇ ಬರೆಯಬೇಕು. ಒಂದು ಉದಾಹರಣೆ ನೋಡೋಣ. ಡಾಕ್ಸಿಸೈಕ್ಲಿನ್ ಮಾತ್ರೆ ಮಾರುವ ಕಂಪನಿಯೊಂದು ಜ್ವರಗಳ ಕುರಿತು ಸಿಎಂಇ ನಡೆಸಲು ಹೊರಟಿದೆ ಎಂದುಕೊಳ್ಳಿ. ಮಲೆನಾಡಿನಲ್ಲಿ ಈ ವಿಷಯಕ್ಕೆ ನಿಜವಾದ ಅಗತ್ಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಗದ್ದೆ ಕೆಲಸದೊಂದಿಗೆ ಇಲಿಜ್ವರ ಬರುತ್ತದೆ. ಚಿಗರ್ ಎಂಬ ಸಣ್ಣ ನುಸಿಮರಿ ಕಚ್ಚಿ ಹರಡುವ ಸ್ಕ್ರಬ್ ಟೈಫಸ್ ಮಳೆ ಹಿಂದೆಗೆಯುವ ಹೊತ್ತಿಗೆ ಹೆಚ್ಚುತ್ತದೆ. ಕೊನೆಯ ಎರಡಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ಮಂಗನ ಕಾಯಿಲೆ ವೈರಸ್‌ನದಾದ್ದರಿಂದ ಅದಕ್ಕೆ ಮಾಡುವುದಿಲ್ಲ. ಮೂರೂ ಮೊದಲಿಗೆ ಜ್ವರ, ತಲೆನೋವು, ಮೈಕೈ ನೋವಾಗಿಯೇ ಬರುತ್ತವೆ.

ಸರಿಯಾದ ಅಗತ್ಯ ಟಿಪ್ಪಣಿ ಹೀಗಿರಬಹುದು: ‘ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಾಮಾನ್ಯ ವೈದ್ಯರು ಜ್ವರದ ಆರಂಭದ ದಿನಗಳಲ್ಲಿ ಮಂಗನ ಕಾಯಿಲೆ, ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್‌ಗಳನ್ನು ಬೇರ್ಪಡಿಸಿ ನೋಡುವ ಬಗೆ, ಯಾವ ಹಂತದಲ್ಲಿ ಯಾವ ಪರೀಕ್ಷೆಗೆ ರಕ್ತದ ಮಾದರಿ ಕಳಿಸಬೇಕು ಮತ್ತು ಯಾವ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು ಎಂಬುದನ್ನು ತಿಳಿಸುವ 1 ಗಂಟೆಯ ಉಪನ್ಯಾಸ ಮತ್ತು ಅರ್ಧ ಗಂಟೆಯ ಪ್ರಶ್ನೋತ್ತರ. ಮಳೆಗಾಲ ಆರಂಭವಾಗುವ ಮುನ್ನ ನಡೆಯಬೇಕು.’ ಇದರಲ್ಲಿ ಕೇಳುಗರು ಯಾರು, ಅವರಿಗೆ ಏನು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂಬ ಮೂರೂ ಇವೆ. ‘ಹೊಸನಗರ ಭಾಗದಲ್ಲಿ ನಮ್ಮ ಬ್ರ್ಯಾಂಡ್ ಹಿಂದುಳಿದಿದೆ, ಆದ್ದರಿಂದ ಒಂದು ಸಿಎಂಇ ಬೇಕು’ ಎಂದು ಬರೆದ ಟಿಪ್ಪಣಿ ಅಗತ್ಯವನ್ನು ಹೇಳುವುದಿಲ್ಲ, ಉದ್ದೇಶವನ್ನು ಬಯಲು ಮಾಡುತ್ತದೆ.

ಒಂದೇ ವಿಷಯವನ್ನು ಒಂದೇ ಊರಿನಲ್ಲಿ, ಅದೇ ಕೇಳುಗರಿಗೆ, ವರ್ಷಕ್ಕೆ ಹಲವು ಬಾರಿ ಹೇಳಿಸುವುದು ಅನುಮಾನಕ್ಕೆ ಮೊದಲ ಕಾರಣ. ಅಮೆರಿಕದ ಆರೋಗ್ಯ ಇಲಾಖೆಯ ಮಹಾ ತನಿಖಾಧಿಕಾರಿ ಕಚೇರಿ 2020ರ ನವೆಂಬರ್ 16ರಂದು ಉಪನ್ಯಾಸ ಕಾರ್ಯಕ್ರಮಗಳ ಬಗ್ಗೆಯೇ ವಿಶೇಷ ವಂಚನೆ ಎಚ್ಚರಿಕೆಯೊಂದನ್ನು ಹೊರಡಿಸಿತು. ಹೊಸ ಮಾಹಿತಿಯಿಲ್ಲದೆ ಅದದೇ ವಿಷಯದ ಮರುಕಳಿಕೆ, ಅದದೇ ಕೇಳುಗರು, ಮದ್ಯ, ದುಬಾರಿ ಊಟ, ಮಾರಾಟ ವಿಭಾಗದ ಕೈಯಲ್ಲಿ ಉಪನ್ಯಾಸಕರ ಆಯ್ಕೆ, ಇವೆಲ್ಲ ಅದರ ಪಟ್ಟಿಯಲ್ಲಿದ್ದವು. ಅದೇ ವರ್ಷದ ಜುಲೈನಲ್ಲಿ ನೊವಾರ್ಟಿಸ್ ಕಂಪನಿ ಇಂಥ ಉಪನ್ಯಾಸಗಳ ಕುರಿತ ಮೊಕದ್ದಮೆಯನ್ನು ನ್ಯೂಯಾರ್ಕ್‌ನಲ್ಲಿ 67.8 ಕೋಟಿ ಡಾಲರ್ ತೆತ್ತು ಇತ್ಯರ್ಥಪಡಿಸಿಕೊಂಡಿತ್ತು. ಆ ಎಚ್ಚರಿಕೆ ನಮ್ಮಲ್ಲಿ ಕಾನೂನಲ್ಲ. ಆದರೂ ಕಡತ ಪರಿಶೀಲಿಸುವವರು ಎಲ್ಲಿ ಕಣ್ಣು ಹಾಯಿಸುತ್ತಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ನಾನು ಕಂಡಿಲ್ಲ.

ಎರಡನೆಯ ಹೆಜ್ಜೆ: ನಡೆಸುವವರು ಯಾರೆಂದು ನಿಶ್ಚಯಿಸುವುದು

ವೈದ್ಯಕೀಯ ಕಾಲೇಜುಗಳು, ಆಸ್ಪತ್ರೆಗಳು, ವೈದ್ಯರ ವೃತ್ತಿಪರ ಸಂಘಗಳು ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಸಿಎಂಇ ನಡೆಸಬಹುದು. ಕಂಪನಿ ತಾನೊಂದೇ ಆಗಿಯೂ ಇವರೊಡನೆ ಸೇರಿಯೂ ನಡೆಸಬಹುದು. ವಿದೇಶದಲ್ಲಿ ನಡೆಸುವಂತಿಲ್ಲ. ಕೇಳುಗರನ್ನೂ ಉಪನ್ಯಾಸಕರನ್ನೂ ಆರಿಸುವ ಮಾನದಂಡ ಪಾರದರ್ಶಕವಾಗಿರಬೇಕು, ಆದಾಯ ಮತ್ತು ವೆಚ್ಚದ ಲೆಕ್ಕ ಇರಬೇಕು.

ಸಣ್ಣ ಊರುಗಳಲ್ಲಿ ಸಂಘದ ಶಾಖೆಯೊಂದಿಗೆ ಸೇರಿ ನಡೆಸುವುದೇ ಮೇಲೆಂದು ನನ್ನ ಅಭಿಪ್ರಾಯ. ವಿಷಯದ ಅಗತ್ಯವನ್ನು ಸಂಘವೇ ಪತ್ರದಲ್ಲಿ ತಿಳಿಸುತ್ತದೆ, ಆಹ್ವಾನ ಎಲ್ಲ ಸದಸ್ಯರಿಗೂ ಹೋಗುತ್ತದೆ, ‘ನಮ್ಮ ಡಾಕ್ಟ್ರು ಮಾತ್ರ’ ಎಂಬ ಆಯ್ಕೆಗೆ ಅವಕಾಶವಿರುವುದಿಲ್ಲ. ಆಗ ಪ್ರಾಯೋಜಕತ್ವದ ಒಪ್ಪಂದ ಪತ್ರವನ್ನು ಸಂಘದ ಹೆಸರಿನಲ್ಲಿ ಮಾಡಿ, ಹಣವನ್ನು ಸಂಘದ ಬ್ಯಾಂಕ್ ಖಾತೆಗೆ ಮಾತ್ರ ಹಾಕಬೇಕು, ಪದಾಧಿಕಾರಿಯ ಸ್ವಂತ ಖಾತೆಗೆ ಎಂದೂ ಅಲ್ಲ. 2002ರ ನಿಯಮಗಳ ಪ್ರಕಾರ ವೈದ್ಯರು 5 ವರ್ಷಕ್ಕೆ 30 ಗಂಟೆಗಳ ಸಿಎಂಇ ಪೂರೈಸಬೇಕಾಗಿದ್ದು, ಸಭೆಗೆ ಆ ಗಂಟೆಗಳ ಕ್ರೆಡಿಟ್ ಬೇಕಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮುಂಚಿತವಾಗಿ ಅರ್ಜಿ ಹಾಕಬೇಕು. ಪರಿಷತ್ತಿನ ವೀಕ್ಷಕರು ಬಂದು ಕೂರುವ ಸಭೆ ತಾನಾಗಿಯೇ ಶಿಸ್ತಿಗೆ ಬರುತ್ತದೆ.

ಮೂರನೆಯ ಹೆಜ್ಜೆ: ಉಪನ್ಯಾಸಕರ ಆಯ್ಕೆ

ಇಡೀ ವ್ಯವಹಾರದ ಜೀವ ಇರುವುದು ಇಲ್ಲಿ. ‘ಸರ್ ನಮಗೆ ಒಳ್ಳೇ ಸಪೋರ್ಟ್ ಕೊಡ್ತಿದ್ದಾರೆ, ಈ ಸಲ ಅವರನ್ನೇ ಸ್ಪೀಕರ್ ಮಾಡೋಣ’ ಎಂಬ ವಾಟ್ಸಾಪ್ ಸಂದೇಶ ಒಂದೇ ಒಂದು ಸಿಕ್ಕರೂ ಸಾಕು, ಉಳಿದೆಲ್ಲ ದಾಖಲೆ ವ್ಯರ್ಥ. ಈ ವೃತ್ತಿಯಲ್ಲಿ ‘ಸಪೋರ್ಟ್’ ಎಂದರೆ ಔಷಧ ಬರೆದುಕೊಡುವುದು ಎಂಬುದು ತನಿಖೆಯವರಿಗೂ ಗೊತ್ತಿದೆ.

ಆಯ್ಕೆಯ ಮಾನದಂಡವನ್ನು ಮೊದಲೇ ಬರೆಯಬೇಕು: ವಿಷಯದಲ್ಲಿ ಸ್ನಾತಕೋತ್ತರ ಪದವಿ, ಆ ಕಾಯಿಲೆಯ ರೋಗಿಗಳನ್ನು ನೋಡಿದ ಅನುಭವ, ಬೋಧನೆ ಅಥವಾ ಪ್ರಕಟಿತ ಲೇಖನಗಳು, ಕೇಳುಗರ ಭಾಷೆಯಲ್ಲಿ ಹೇಳಬಲ್ಲ ಶಕ್ತಿ. ಮೇಲಿನ ಜ್ವರದ ಉದಾಹರಣೆಗೆ ಸಾಂಕ್ರಾಮಿಕ ರೋಗ ಅಥವಾ ಜನರಲ್ ಮೆಡಿಸಿನ್ ತಜ್ಞರು ಬೇಕು. ಮೂಳೆ ತಜ್ಞರ ಹೆಸರು ಬಂದರೆ ಅದು ಎಲ್ಲಿಂದ ಬಂತೆಂದು ಕೇಳಬೇಕು. ಇಬ್ಬರು ಮೂವರ ಹೆಸರುಗಳನ್ನು ಕಂಪನಿಯ ವೈದ್ಯಕೀಯ ವಿಭಾಗ ಹೋಲಿಸಿ ನೋಡಿ, ಒಬ್ಬರನ್ನು ಆರಿಸಿದ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಡಬೇಕು. ಮಾರಾಟ ವಿಭಾಗದವರು ಹೆಸರು ಸೂಚಿಸಬಹುದು, ಒಪ್ಪಿಗೆ ಕೊಡುವುದು ಅವರ ಕೆಲಸವಲ್ಲ. ಯಾರು ಎಷ್ಟು ಚೀಟಿ ಬರೆಯುತ್ತಾರೆ ಎಂಬ ಅಂಕಿಅಂಶ ಆಯ್ಕೆಯ ಮೇಜಿಗೆ ಬರಲೇಬಾರದು.

ಇನ್ನೊಂದು ಚಾಳಿಯಿದೆ. ಒಬ್ಬರು ಉಪನ್ಯಾಸಕರು, ಇಬ್ಬರು ಅಧ್ಯಕ್ಷತೆ, ಒಬ್ಬರು ನಿರೂಪಕರು, ಐವರು ಚರ್ಚಾಗೋಷ್ಠಿಯವರು, ಕೇಳುವವರು ಎಂಟು ಜನ. ವೇದಿಕೆಯಲ್ಲಿ ಕೂತವರಿಗೆಲ್ಲ ‘ಉಪನ್ಯಾಸಕ’ರ ವಿನಾಯಿತಿ ಕೊಟ್ಟು ರೆಸಾರ್ಟಿಗೆ ಕರೆದೊಯ್ಯುವ ಉಪಾಯವಿದು. 1 ಗಂಟೆಯ ವಿಷಯಕ್ಕೆ ಒಬ್ಬ ಉಪನ್ಯಾಸಕರು ಸಾಕು. ಅಧ್ಯಕ್ಷತೆ ವಹಿಸುವವರು ಊರಿನವರೇ ಆಗಿದ್ದರೆ ಅವರಿಗೆ ಪ್ರಯಾಣವೂ ಬೇಡ, ವಸತಿಯೂ ಬೇಡ. 2024ರ ಡಿಸೆಂಬರ್‌ನಲ್ಲಿ ಔಷಧ ಇಲಾಖೆಯು 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ ಕಳಿಸಿದ ಕಂಪನಿಯೊಂದಕ್ಕೆ ಛೀಮಾರಿ ಹಾಕಿದ್ದನ್ನು ನೆನಪಿಡುವುದು ಒಳ್ಳೆಯದು.

ಆಯ್ಕೆಯಾದವರು ಸರ್ಕಾರಿ ವೈದ್ಯರಾದರೆ ಮೇಲಧಿಕಾರಿಯ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯಬೇಕು, ಸಂಭಾವನೆ ಸ್ವೀಕರಿಸಲೂ ಅನುಮತಿ ಇದೆಯೇ ಎಂದು ಅದೇ ಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಅನುಮತಿ ಬರುವವರೆಗೆ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬಾರದು. ಕಂಪನಿಯವರ ಬಾಯಲ್ಲಿ ‘ಅದೆಲ್ಲ ಆಮೇಲೆ ತಗೊಂಡ್ರಾಯ್ತು ಸರ್’ ಎಂಬ ಮಾತು ಬಂದರೆ ವೈದ್ಯರೇ ಹಿಂದೆ ಸರಿಯುವುದು ಕ್ಷೇಮ.

ನಾಲ್ಕನೆಯ ಹೆಜ್ಜೆ: ಒಪ್ಪಂದ ಮತ್ತು ಸಂಭಾವನೆ

ಸಂಹಿತೆ ಯಾವ ನೆಪದಲ್ಲೂ ವೈದ್ಯರಿಗೆ ಹಣಕಾಸಿನ ಅನುದಾನ ಕೊಡಬಾರದೆನ್ನುತ್ತದೆ. 2002ರ ನಿಯಮಗಳೋ ವೈದ್ಯರು ಔಷಧ ಉದ್ಯಮಕ್ಕೆ ಸಲಹೆಗಾರರಾಗಿ ಅಥವಾ ಬೇರೆ ವೃತ್ತಿಪರ ನೆಲೆಯಲ್ಲಿ ಕೆಲಸ ಮಾಡಬಹುದು, ಆದರೆ ವೃತ್ತಿ ಸ್ವಾತಂತ್ರ್ಯ ಉಳಿಯಬೇಕು, ರೋಗಿಯ ಹಿತ ಕೆಡಬಾರದು, ಸಂಬಂಧ ಪೂರ್ತಿ ಬಹಿರಂಗವಾಗಿರಬೇಕು ಎನ್ನುತ್ತವೆ. ಇವೆರಡನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಇಷ್ಟು: ಕೊಟ್ಟ ಪ್ರತಿ ರೂಪಾಯಿಯೂ ಮಾಡಿದ ಕೆಲಸಕ್ಕೆ ಸಂದ ಕೂಲಿ ಎಂದು ತೋರಿಸಬಲ್ಲಂತಿರಬೇಕು.

ಆದ್ದರಿಂದ ಕಾರ್ಯಕ್ರಮಕ್ಕೆ ಮೊದಲೇ ಎರಡೂ ಕಡೆಯ ಸಹಿಯಿರುವ ಒಪ್ಪಂದ ಬೇಕು. ವಿಷಯ, ದಿನಾಂಕ, ಅವಧಿ, ಸಿದ್ಧತೆಯ ಕೆಲಸ, ಸಂಭಾವನೆ, ಪ್ರಯಾಣದ ದರ್ಜೆ, ಸ್ಲೈಡ್ ಸಲ್ಲಿಸುವ ಗಡುವು, ಕಾರ್ಯಕ್ರಮ ರದ್ದಾದರೆ ಏನು ಎಂಬುದೆಲ್ಲ ಅದರಲ್ಲಿರಲಿ. ‘ಈ ಸಂಭಾವನೆಗೂ ಕಂಪನಿಯ ಯಾವುದೇ ಉತ್ಪನ್ನವನ್ನು ಬರೆಯುವುದಕ್ಕೂ ಸಂಬಂಧವಿಲ್ಲ’ ಎಂಬ ವಾಕ್ಯವೂ ಇರಲಿ, ಆದರೆ ಆ ವಾಕ್ಯವೊಂದೇ ಯಾರನ್ನೂ ಕಾಪಾಡದು.

ಮೊತ್ತವನ್ನು ಗಂಟೆಯ ಲೆಕ್ಕದಲ್ಲಿ ಕಟ್ಟುವುದು ಉತ್ತಮ. ಲೆಕ್ಕದ ಸಲುವಾಗಿ ಮಣಿಪಾಲದಿಂದ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬರುವ ತಜ್ಞರೊಬ್ಬರ ದರ ಗಂಟೆಗೆ ₹3,000 ಎಂದಿಟ್ಟುಕೊಳ್ಳೋಣ. ಸಿದ್ಧತೆಗೆ 3 ಗಂಟೆ, ಉಪನ್ಯಾಸ ಮತ್ತು ಪ್ರಶ್ನೋತ್ತರಕ್ಕೆ ಒಂದೂವರೆ ಗಂಟೆ, ಒಟ್ಟು ₹13,500. ಹೋಗಿಬರುವ 8 ಗಂಟೆಗೆ ಅರ್ಧ ದರ, ₹12,000. ಎಲ್ಲ ಸೇರಿ ₹25,500. ಇದೇ ಉಪನ್ಯಾಸವನ್ನು ಶಿವಮೊಗ್ಗದವರೇ ಕೊಟ್ಟರೆ ಪ್ರಯಾಣದ ಭಾಗ ಇಲ್ಲ, ಮೊತ್ತ ₹13,500ಕ್ಕೆ ನಿಲ್ಲುತ್ತದೆ. ದರವನ್ನು ಅರ್ಹತೆ ಮತ್ತು ಅನುಭವದ ಶ್ರೇಣಿಗಳ ಮೇಲೆ ಕಂಪನಿ ಮೊದಲೇ ನಿಗದಿ ಮಾಡಿ ಎಲ್ಲರಿಗೂ ಒಂದೇ ಅಳತೆ ಬಳಸಬೇಕು. ಒಬ್ಬರೇ ವೈದ್ಯರಿಗೆ ವರ್ಷಕ್ಕೆ ಗರಿಷ್ಠ ಇಷ್ಟು ಉಪನ್ಯಾಸ, ಇಷ್ಟು ಮೊತ್ತ ಎಂಬ ಮಿತಿಯನ್ನೂ ಹಾಕಿಕೊಳ್ಳಬೇಕು.

ಐದನೆಯ ಹೆಜ್ಜೆ: ಸ್ಥಳ, ಊಟ, ಸನ್ಮಾನ

ಮಲೆನಾಡಿನ ಕಷ್ಟವೇ ಇದು: ಎಲ್ಲಿ ನೋಡಿದರೂ ಚೆಲುವು. ಜೋಗದ ದಾರಿಯಲ್ಲಿ, ಶರಾವತಿ ಹಿನ್ನೀರಿನ ಅಂಚಿನಲ್ಲಿ, ಆಗುಂಬೆಯ ಸುತ್ತ ಇರುವ ರೆಸಾರ್ಟು, ಹೋಂಸ್ಟೇಗಳ ಬಾಡಿಗೆ ಪೇಟೆಯ ಹೋಟೆಲಿಗಿಂತ ಕಡಿಮೆಯೂ ಇರಬಹುದು. ಆದರೂ ಅವು ಬೇಡ. ಸಂಹಿತೆ ‘ರೆಸಾರ್ಟ್ ವಸತಿ’ಯನ್ನು ಹೆಸರಿಟ್ಟೇ ಹೇಳಿದೆ, ಮತ್ತು ಕೇಳುಗರ ಕ್ಲಿನಿಕ್‌ಗಳೆಲ್ಲ ಪೇಟೆಯಲ್ಲಿರುವಾಗ ಸಭೆಯನ್ನು ಕಾಡಿನಂಚಿಗೆ ಒಯ್ಯಲು ಶೈಕ್ಷಣಿಕ ಕಾರಣ ಯಾವುದೂ ಸಿಗುವುದಿಲ್ಲ. ಹೋಂಸ್ಟೇಗಳ ವಿಷಯದಲ್ಲಿ ಇನ್ನೂ ಒಂದು ಅಡ್ಡಿಯಿದೆ: ಹಲವು ಕಡೆ ಸರಿಯಾದ ಬಿಲ್ ಸಿಗುವುದಿಲ್ಲ, ಊಟ, ವಸತಿ, ತಿರುಗಾಟ ಎಲ್ಲವೂ ಒಂದೇ ಸಾಲಿನ ಚೀಟಿಯಲ್ಲಿ ಬರುತ್ತದೆ. ಸಂಘದ ಸಭಾಂಗಣ, ಆಸ್ಪತ್ರೆ ಅಥವಾ ಕಾಲೇಜಿನ ಸೆಮಿನಾರ್ ಹಾಲ್, ಅದೂ ಇಲ್ಲದಿದ್ದರೆ ಊರೊಳಗಿನ ಸಾಧಾರಣ ಹೋಟೆಲಿನ ಹಾಲ್, ಈ ಕ್ರಮದಲ್ಲಿ ಹುಡುಕಬೇಕು.

ದೂರದಿಂದ ಬಂದ ಉಪನ್ಯಾಸಕರಿಗೆ ರಾತ್ರಿಯ ವಸತಿ ಕೊಡುವುದು ಸಲ್ಲುತ್ತದೆ. ಮಳೆಗಾಲದಲ್ಲಿ ಸಂಜೆಯ ಸಭೆ ಮುಗಿಸಿ ಘಾಟಿ ಇಳಿಯಿರಿ ಎನ್ನುವುದು ನಿಯಮಪಾಲನೆಯಲ್ಲ, ಅವಿವೇಕ. ಆದರೆ ಒಂದು ರಾತ್ರಿಯ ವಸತಿ ಮೂರು ರಾತ್ರಿಯಾಗಿ, ‘ಹೇಗೂ ಬಂದಿದ್ದೀರಿ, ಜೋಗ ನೋಡ್ಕೊಂಡು ಹೋಗಿ’ ಎಂದು ಕಾರು ಕಳಿಸುವುದು ಸಲ್ಲುವುದಿಲ್ಲ. ಉಪನ್ಯಾಸಕರ ಮನೆಯವರು ಜೊತೆಗೆ ಬಂದರೆ ಅವರ ಟಿಕೆಟ್, ಕೋಣೆಯ ಹೆಚ್ಚುವರಿ ಬಾಡಿಗೆ, ಊಟ ಎಲ್ಲವನ್ನೂ ಅವರೇ ಭರಿಸಬೇಕು. ಕುಟುಂಬದವರಿಗೆ ಸಂಹಿತೆಯಲ್ಲಿ ವಿನಾಯಿತಿ ಇಲ್ಲವೇ ಇಲ್ಲ.

ಕೇಳುಗರಿಗೆ ಪ್ರಯಾಣವಿಲ್ಲ, ವಸತಿಯಿಲ್ಲ. ಊಟದ ಬಗ್ಗೆ ಸಂಹಿತೆ ‘ದುಬಾರಿ ಭೋಜನ’ ಬೇಡವೆನ್ನುತ್ತದೆ, ರೂಪಾಯಿಯ ಗೆರೆ ಎಳೆದಿಲ್ಲ. ಸಭೆಯ ಹೊತ್ತಿಗೆ ತಕ್ಕ ಚಹಾ ತಿಂಡಿ ಅಥವಾ ಸಾದಾ ಊಟ ಸಾಕು. ತಲೆಗೆ ಇಷ್ಟೆಂಬ ಮಿತಿಯನ್ನು ಕಂಪನಿಯೇ ಬರೆದಿಟ್ಟುಕೊಳ್ಳಲಿ. ಮದ್ಯ ಬೇಡವೇ ಬೇಡ. ಅಮೆರಿಕದ ಔಷಧ ಕಂಪನಿಗಳ ಸಂಘವೂ 2022ರ ಜನವರಿಯಿಂದ ಉಪನ್ಯಾಸ ಸಭೆಗಳಲ್ಲಿ ಮದ್ಯಕ್ಕೆ ಹಣ ಕೊಡುವುದನ್ನು ತನ್ನ ಸಂಹಿತೆಯಲ್ಲಿ ನಿಷೇಧಿಸಿದೆ. ಹೋಟೆಲ್ ಬಿಲ್ಲಿನಲ್ಲಿ ತಿನಿಸುಗಳ ಹೆಸರು ಬಿಡಿಬಿಡಿಯಾಗಿ ಇರುವಂತೆ ಮೊದಲೇ ಹೇಳಿಡಬೇಕು. ‘ಬ್ಯಾಂಕ್ವೆಟ್, ಒಂದು’ ಎಂಬ ಬಿಲ್ಲಿನ ಹಿಂದೆ ಏನು ಅಡಗಿದೆ ಎಂದು ಆಡಿಟರ್ ಕೇಳಿದಾಗ ಉತ್ತರ ಇರುವುದಿಲ್ಲ.

ಇನ್ನು ಸನ್ಮಾನ. ನಮ್ಮಲ್ಲಿ ವೇದಿಕೆಗೆ ಕರೆದವರನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸಾಗರದ ಗುಡಿಗಾರರು ಕೆತ್ತಿದ ಶ್ರೀಗಂಧದ ಸ್ಮರಣಿಕೆ, ಕಾರಿನ ಡಿಕ್ಕಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ಕಂಪನಿಯ ದುಡ್ಡಿನಲ್ಲಿ ಇವೆಲ್ಲ ಉಡುಗೊರೆಗಳೇ. ಸಂಹಿತೆ ಒಪ್ಪುವುದು ಪುಸ್ತಕ, ಕ್ಯಾಲೆಂಡರ್, ಡೈರಿ, ನಿಯತಕಾಲಿಕೆ, ಚಿಕಿತ್ಸಾ ಮಾರ್ಗಸೂಚಿಗಳಂಥ ಮಾಹಿತಿ ಮತ್ತು ಶಿಕ್ಷಣದ ವಸ್ತುಗಳನ್ನು ಮಾತ್ರ, ಅದೂ ಒಂದಕ್ಕೆ ₹1,000 ಮೀರದಂತೆ. ಗಂಧದ ಗಣಪತಿ ₹900ಕ್ಕೆ ಸಿಕ್ಕರೂ ಅದು ಶಿಕ್ಷಣದ ವಸ್ತುವಲ್ಲ. ಸಂಘ ತನ್ನ ಸದಸ್ಯತ್ವದ ಹಣದಿಂದ ಒಂದು ಶಾಲು ಹೊದಿಸಿದರೆ ಆಕ್ಷೇಪ ಕಷ್ಟ, ಆದರೆ ಆ ಖರ್ಚು ಪ್ರಾಯೋಜಕರ ಲೆಕ್ಕದಲ್ಲಿ ಇಣುಕಬಾರದು.

ಆರನೆಯ ಹೆಜ್ಜೆ: ಸ್ಲೈಡ್‌ಗಳ ಪರಿಶೀಲನೆ

ಸ್ಲೈಡ್‌ಗಳು ಕಾರ್ಯಕ್ರಮಕ್ಕೆ ಒಂದು ವಾರ ಮೊದಲಾದರೂ ವೈದ್ಯಕೀಯ ವಿಭಾಗದ ಕೈಸೇರಲಿ. ಮೊದಲ ಸ್ಲೈಡಿನಲ್ಲಿಯೇ ‘ಈ ಉಪನ್ಯಾಸಕ್ಕೆ ಇಂಥ ಕಂಪನಿಯಿಂದ ಸಂಭಾವನೆ ಪಡೆದಿದ್ದೇನೆ’ ಎಂಬ ಘೋಷಣೆ ಇರಬೇಕು, ಅದನ್ನು ಬಾಯಲ್ಲೂ ಹೇಳಬೇಕು. ಔಷಧದ ಮೂಲನಾಮ ಬಳಸಬೇಕು. 2002ರ ನಿಯಮಗಳ ಪ್ರಕಾರ ವೈದ್ಯರು ಸಾರ್ವಜನಿಕವಾಗಿ ಯಾವ ಔಷಧವನ್ನೂ ಅನುಮೋದಿಸಿ ಪ್ರಚಾರ ಮಾಡುವಂತಿಲ್ಲ. ಆದ್ದರಿಂದ ಪ್ರತಿ ಸ್ಲೈಡಿನ ಮೂಲೆಯಲ್ಲೂ ಬ್ರ್ಯಾಂಡಿನ ಲಾಂಛನ ಕೂತಿದ್ದರೆ ತೊಂದರೆಗೆ ಸಿಕ್ಕುವವರು ಉಪನ್ಯಾಸಕರೇ.

ಪದಗಳ ಮೇಲೂ ಸಂಹಿತೆಯ ಕಣ್ಣಿದೆ. ‘ಸುರಕ್ಷಿತ’ ಎಂಬುದನ್ನು ವಿವರಣೆಯಿಲ್ಲದೆ ಬಳಸುವಂತಿಲ್ಲ. ಅಡ್ಡಪರಿಣಾಮವೇ ಇಲ್ಲವೆಂದು ಖಡಾಖಂಡಿತವಾಗಿ ಹೇಳುವಂತಿಲ್ಲ. ಭಾರತದಲ್ಲಿ 1 ವರ್ಷಕ್ಕಿಂತ ಹೆಚ್ಚು ಕಾಲ ಲಭ್ಯವಿರುವ ಔಷಧವನ್ನು ‘ಹೊಸದು’ ಎನ್ನುವಂತಿಲ್ಲ. ಬೇರೆ ಕಂಪನಿಯ ಬ್ರ್ಯಾಂಡ್ ಹೆಸರನ್ನು ಅದರ ಒಪ್ಪಿಗೆಯಿಲ್ಲದೆ ಹೋಲಿಕೆಗೆ ಎಳೆಯುವಂತಿಲ್ಲ. ಅನುಮೋದನೆ ಸಿಗದ ಔಷಧದ ಪ್ರಚಾರವಂತೂ ಸಲ್ಲದು, ಅನುಮೋದನೆಯಾದ ಔಷಧದ ಪ್ರಚಾರವೂ ಅನುಮೋದನೆಯ ಷರತ್ತುಗಳೊಳಗೇ ಇರಬೇಕು.

ಪರಿಶೀಲನೆ ಎಂದರೆ ಉಪನ್ಯಾಸಕರ ಬಾಯಿ ಕಟ್ಟುವುದಲ್ಲ. ನಮ್ಮ ಉದಾಹರಣೆಯಲ್ಲಿ ‘ಮಂಗನ ಕಾಯಿಲೆಗೆ ಡಾಕ್ಸಿಸೈಕ್ಲಿನ್‌ನಿಂದ ಪ್ರಯೋಜನವಿಲ್ಲ’ ಎಂಬ ಸ್ಲೈಡನ್ನು ತೆಗೆಯಿರಿ ಎಂದು ಮಾರಾಟ ವಿಭಾಗ ಹೇಳಿದರೆ ಅದೇ ನಿಯಮಭಂಗ. ಆ ಸ್ಲೈಡ್ ಇರುವುದರಿಂದಲೇ ಅದು ಶಿಕ್ಷಣವಾಗುತ್ತದೆ. ರೋಗಿಗಳ ಚಿತ್ರ, ಎಕ್ಸ್‌ರೇ, ವರದಿಗಳಲ್ಲಿ ಹೆಸರು, ಊರು, ಆಸ್ಪತ್ರೆಯ ನಂಬರ್ ಅಳಿಸಿರಬೇಕು. ಸಣ್ಣ ತಾಲ್ಲೂಕಿನಲ್ಲಿ ಊರಿನ ಹೆಸರು, ವಯಸ್ಸು ಮತ್ತು ಕಾಯಿಲೆ ಮೂರು ಸೇರಿದರೆ ಇಂಥವರೇ ಎಂದು ಕೇಳುಗರಿಗೆ ತಿಳಿದುಬಿಡುತ್ತದೆ.

ಏಳನೆಯ ಹೆಜ್ಜೆ: ಹಾಜರಿ

ಹಾಜರಿ ಪಟ್ಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ವಿಶೇಷತೆ, ಬಂದ ಹೊತ್ತು, ಸಹಿ ಇರಲಿ. ಸಭೆ ನಡೆಯುತ್ತಿರುವ ಒಂದೆರಡು ಫೋಟೊ ಸಾಕು. ಒಂದೇ ಕೈಬರಹದ ಇಪ್ಪತ್ತು ಸಹಿಗಳಿರುವ ಪಟ್ಟಿ, ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಕೇಳುಗರು ಬರಲಿಲ್ಲವೆಂದು ರೆಪ್‌ಗಳು ಮೆಡಿಕಲ್ ಶಾಪಿನವರನ್ನೂ ಕರೆತಂದು ಕೂರಿಸುವುದುಂಟು. ಔಷಧ ಬರೆಯುವವರಂತೆ ಪೂರೈಸುವವರಿಗೂ ಲಾಭ ಒದಗಿಸುವುದನ್ನು ಸಂಹಿತೆ ನಿಷೇಧಿಸುತ್ತದೆ, ಮೇಲಾಗಿ ಆ ಉಪನ್ಯಾಸ ಅವರಿಗಾಗಿ ಇದ್ದದ್ದಲ್ಲ. ಕನಿಷ್ಠ ಇಷ್ಟು ವೈದ್ಯರು ಬಾರದಿದ್ದರೆ ಕಾರ್ಯಕ್ರಮ ಮುಂದೂಡುತ್ತೇವೆಂದು ಒಪ್ಪಂದದಲ್ಲೇ ಬರೆದುಕೊಳ್ಳುವುದು ಪ್ರಾಮಾಣಿಕ ದಾರಿ.

ಎಂಟನೆಯ ಹೆಜ್ಜೆ: ಪಾವತಿ ಮತ್ತು ತೆರಿಗೆ

ಉಪನ್ಯಾಸ ಮುಗಿದ ನಂತರ, ವೈದ್ಯರ ಬಿಲ್ ಬಂದ ಮೇಲೆ, ಅವರ ಹೆಸರಿನ ಬ್ಯಾಂಕ್ ಖಾತೆಗೇ ಹಣ ಹಾಕಬೇಕು. ನಗದು, ಗಿಫ್ಟ್ ಕಾರ್ಡ್, ಮನೆಯವರ ಖಾತೆ ಯಾವುದೂ ಸಲ್ಲದು. 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನಡಿ ವೃತ್ತಿ ಶುಲ್ಕಕ್ಕೆ ಶೇ 10ರಷ್ಟು ಟಿಡಿಎಸ್, ಅಂದರೆ ಕೊಡುವವರೇ ಮುರಿದುಕೊಳ್ಳುವ ತೆರಿಗೆ, ಕಡಿಯುತ್ತಿದ್ದು, 2025ರ ಏಪ್ರಿಲ್‌ನಿಂದ ಅದರ ವಾರ್ಷಿಕ ಮಿತಿ ₹50,000 ಆಯಿತು. 194ಆರ್ ಕಲಮು 2022ರ ಜುಲೈ 1ರಿಂದ ವರ್ಷಕ್ಕೆ ₹20,000 ಮೀರಿದ ಸೌಲಭ್ಯಗಳಿಗೂ ಶೇ 10 ಟಿಡಿಎಸ್ ತಂದಿತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗುವುದರಿಂದ ಬಿಲ್ ನಮೂನೆಗಳನ್ನು ತಿದ್ದಿಕೊಳ್ಳಬೇಕು. ರೈಲು ಅಥವಾ ವಿಮಾನದ ಟಿಕೆಟ್, ಹೋಟೆಲ್ ಬಿಲ್‌ಗಳನ್ನು ಕಂಪನಿಯ ಹೆಸರಿನಲ್ಲಿಯೇ ಮಾಡಿಸಿದರೆ ಅವು ವೈದ್ಯರಿಗೆ ಸಿಕ್ಕ ಸೌಲಭ್ಯವೆಂದು ಎಣಿಕೆಯಾಗುವ ತಕರಾರು ತಪ್ಪುತ್ತದೆ.

ಜಿಎಸ್‌ಟಿಯ ವಿಷಯವನ್ನು ವೈದ್ಯರು ಬಹಳ ಮಟ್ಟಿಗೆ ಮರೆಯುತ್ತಾರೆ. ಚಿಕಿತ್ಸೆಗೆ ತೆರಿಗೆ ವಿನಾಯಿತಿಯಿದೆ, ಉಪನ್ಯಾಸಕ್ಕಿಲ್ಲ. ₹20 ಲಕ್ಷದ ನೋಂದಣಿ ಮಿತಿಯನ್ನು ಲೆಕ್ಕ ಹಾಕುವಾಗ ವಿನಾಯಿತಿ ಇರುವ ಕ್ಲಿನಿಕ್ಕಿನ ಆದಾಯವೂ ಸೇರುತ್ತದೆ. ಹೀಗಾಗಿ ಕ್ಲಿನಿಕ್ಕಿನಿಂದ ಆ ಮಿತಿ ದಾಟಿದವರು ಒಂದೇ ಉಪನ್ಯಾಸಕ್ಕೆ ಶುಲ್ಕ ಪಡೆದರೂ ನೋಂದಣಿಯ ಪ್ರಶ್ನೆ ಏಳುತ್ತದೆ. ಒಪ್ಪಿಕೊಳ್ಳುವ ಮುನ್ನ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು.

ಕಂಪನಿಯ ಕಡೆಯ ಅಪಾಯ ಬೇರೆ. 2022ರ ಫೆಬ್ರವರಿ 22ರಂದು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರಿಗೆ ಕೊಡುವ ನಿಷಿದ್ಧ ಉಡುಗೊರೆಗಳ ವೆಚ್ಚವನ್ನು ಆದಾಯದಿಂದ ಕಳೆಯುವಂತಿಲ್ಲ ಎಂದು ತೀರ್ಪಿತ್ತಿತು. ಪಡೆಯುವುದು ವೈದ್ಯರಿಗೆ ನಿಷಿದ್ಧವಾಗಿದ್ದರೆ ಕೊಡುವ ಕಂಪನಿಗೂ ಅದರ ಬಿಸಿ ತಟ್ಟುತ್ತದೆ ಎಂಬುದು ಅದರ ತಿರುಳು. ದಾಖಲೆಯಿಲ್ಲದ ಉಪನ್ಯಾಸದ ಖರ್ಚೂ ತೆರಿಗೆ ಅಧಿಕಾರಿಯ ಕಣ್ಣಿಗೆ ಅದೇ ಸಾಲಿಗೆ ಸೇರಬಹುದು.

ಒಂಬತ್ತನೆಯ ಹೆಜ್ಜೆ: ಪ್ರಕಟಣೆ ಮತ್ತು ಕಡತ

ನಡೆಸಿದ ಕಾರ್ಯಕ್ರಮಗಳ ವಿವರ ಮತ್ತು ವೆಚ್ಚವನ್ನು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಅದರ ಮೇಲೆ ಸ್ವತಂತ್ರ ಲೆಕ್ಕಪರಿಶೋಧನೆ ಯಾವಾಗ ಬೇಕಾದರೂ ನಡೆಯಬಹುದು. ಕಡತದಲ್ಲಿ ಅಗತ್ಯ ಟಿಪ್ಪಣಿ, ಆಯ್ಕೆಯ ಕಾರಣ, ಸರ್ಕಾರಿ ವೈದ್ಯರಾದರೆ ಅನುಮತಿ ಪತ್ರ, ಒಪ್ಪಂದ, ದರದ ಲೆಕ್ಕ, ಅಂತಿಮ ಸ್ಲೈಡ್, ಹಾಜರಿ, ಬಿಲ್ಲುಗಳು, ಪಾವತಿಯ ದಾಖಲೆ ಇದೇ ಅನುಕ್ರಮದಲ್ಲಿ, ತಮ್ಮ ತಮ್ಮ ದಿನಾಂಕಗಳೊಂದಿಗೆ ಇರಲಿ. ದಿನಾಂಕಗಳು ಹಿಂದುಮುಂದಾಗಿದ್ದರೆ ತಿದ್ದಬೇಡಿ, ಏಕೆ ಹಾಗಾಯಿತೆಂದು ಒಂದು ಟಿಪ್ಪಣಿ ಸೇರಿಸಿ. 2013ರ ಕಂಪನಿ ಕಾಯ್ದೆ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಕಾಯ್ದಿಡಬೇಕೆನ್ನುವುದರಿಂದ ಈ ಕಡತಕ್ಕೂ ಅದೇ ಅವಧಿ ಇಟ್ಟುಕೊಳ್ಳುವುದು ಸರಿ. ವೈದ್ಯರೂ ಒಪ್ಪಂದ, ಅನುಮತಿ ಪತ್ರ, ಟಿಡಿಎಸ್ ವಿವರಗಳ ಪ್ರತಿಗಳನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಕಂಪನಿಯ ಏರಿಯಾ ಮ್ಯಾನೇಜರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ವೈದ್ಯರ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ.

ದೂರು ಬಂದರೆ

ಕಂಪನಿಯ ವಿರುದ್ಧದ ದೂರು ₹1,000 ಶುಲ್ಕದೊಂದಿಗೆ ಆ ಕಂಪನಿ ಸದಸ್ಯನಾಗಿರುವ ಉದ್ಯಮ ಸಂಘದ ನೀತಿ ಸಮಿತಿಗೆ ಹೋಗುತ್ತದೆ. ಮೇಲ್ಮನವಿ ಔಷಧ ಇಲಾಖೆಯ ಕಾರ್ಯದರ್ಶಿ ಮುಖ್ಯಸ್ಥರಾಗಿರುವ ಉನ್ನತ ಸಮಿತಿಗೆ. ಸಂಘದಿಂದ ಅಮಾನತು ಅಥವಾ ಉಚ್ಚಾಟನೆ, ಛೀಮಾರಿ ಹಾಕಿ ಅದರ ವಿವರ ಪ್ರಕಟಿಸುವುದು, ತಿದ್ದುಪಡಿ ಹೇಳಿಕೆ ಕೊಡಿಸುವುದು, ಕೊಟ್ಟ ಹಣ ಅಥವಾ ವಸ್ತುವನ್ನು ಮರಳಿ ವಸೂಲು ಮಾಡಿಸುವುದು ಸಮಿತಿಯ ಕೈಯಲ್ಲಿರುವ ಕ್ರಮಗಳು. ವೈದ್ಯರ ವಿರುದ್ಧದ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ನೋಟಿಸ್ ಬಂದ ದಿನವೇ ಕಡತವನ್ನು ಇದ್ದ ಹಾಗೆ ಸ್ಕ್ಯಾನ್ ಮಾಡಿಸಿ, ಕಂಪನಿಯ ಕಾನೂನು ವಿಭಾಗಕ್ಕೆ ಒಂದು ಪ್ರತಿ ಕಳಿಸಿ, ಆ ಕಾರ್ಯಕ್ರಮಕ್ಕೆ ಸಂಬಂಧಿಸಿದ ಇಮೇಲ್, ವಾಟ್ಸಾಪ್ ಸಂದೇಶಗಳಲ್ಲಿ ಒಂದನ್ನೂ ಅಳಿಸದಂತೆ ತಂಡದವರಿಗೆಲ್ಲ ಲಿಖಿತ ಸೂಚನೆ ಕೊಡಬೇಕು.